ಡಿಎಸ್1307: 9:45ಕ್ಕೆ ಸೆಟ್ ಮಾಡಿದರೆ 9:33 ಬರುತ್ತದೆ, ಭಾನುವಾರವೂ ಶಾಲೆ ಗಂಟೆ ಹೊಡೆಯುತ್ತದೆ

ಗಂಟೆ_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು, ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಶಾಲೆಗೆ ತಾನಾಗಿ ಹೊಡೆಯುವ ಗಂಟೆ ಮಾಡೋಣ ಅಂತ ವಿಜ್ಞಾನ ಸಂಘದ ಮಕ್ಕಳ ಜೊತೆ ಕೂತಿದ್ದೇನೆ. ಆರ್ಡುಯಿನೊ ಯೂನೊ (ನಮ್ಮ ಕೋಡು ಓಡಿಸುವ ಪುಟ್ಟ ಬೋರ್ಡು), ಸಮಯ ಎಣಿಸುವ ಡಿಎಸ್1307 ಚಿಪ್ಪು ಇರುವ ಸಣ್ಣ ನೀಲಿ ಬೋರ್ಡು, 16x2 ಎಲ್‌ಸಿಡಿ, ಒಂದು ರಿಲೇ (ಕೋಡು ಆನ್-ಆಫ್ ಮಾಡುವ ಸ್ವಿಚ್ಚು). ರಿಲೇ ಮೂಲಕ ಹಳೆಯ 230 ವೋಲ್ಟಿನ ಕರೆಂಟ್ ಗಂಟೆ. ಎಲ್ಲದಕ್ಕೂ ಒಂದೇ ಮೊಬೈಲ್ ಚಾರ್ಜರ್.

ಲೈಬ್ರರಿ (ಬೇರೆಯವರು ಬರೆದಿಟ್ಟ ರೆಡಿ ಕೋಡು) ಬೇಕಂತಲೇ ಬಳಸಿಲ್ಲ. ಚಿಪ್ಪಿನ ಒಳಗೆ ಏನು ನಡೆಯುತ್ತದೆ ಅಂತ ಮಕ್ಕಳಿಗೆ ಗೊತ್ತಾಗಲಿ ಅಂತ ನಾವೇ ಅದರ ರಿಜಿಸ್ಟರ್ (ಗಂಟೆ, ನಿಮಿಷ ಹೀಗೆ ಒಂದೊಂದನ್ನು ಇಡುವ ಒಂದು ಬೈಟಿನ ಖಾನೆ) ಓದುತ್ತೇವೆ, ಬರೆಯುತ್ತೇವೆ. ಈಗ ನಾಲ್ಕು ತಕರಾರು ಇವೆ.

ಮೊದಲನೆಯದು, 9:05ಕ್ಕೆ ಸೆಟ್ ಮಾಡಿದರೆ 9:05 ಅಂತಲೇ ಬರುತ್ತದೆ. 9:45ಕ್ಕೆ ಸೆಟ್ ಮಾಡಿದರೆ 9:33 ಬರುತ್ತದೆ. 10:30 ಕೊಟ್ಟರೆ 10:24. ಓದುವಾಗ ಬಿಸಿಡಿಯಿಂದ (ಬೈಟಿನ ಮೇಲಿನ ಅರ್ಧದಲ್ಲಿ ಹತ್ತರ ಅಂಕಿ, ಕೆಳಗಿನ ಅರ್ಧದಲ್ಲಿ ಬಿಡಿ ಅಂಕಿ ಇಡುವ ಪದ್ಧತಿ) ಮಾಮೂಲಿ ಸಂಖ್ಯೆಗೆ ಬದಲಾಯಿಸುತ್ತಿದ್ದೇನೆ, ಅದು ಸರಿ ಇದೆ ಅಂತ ಅಂದುಕೊಂಡಿದ್ದೇನೆ. ಸದ್ಯಕ್ಕೆ ನಿಮಿಷ ಒಂದಂಕಿ ಇರುವ ಹೊತ್ತು ನೋಡಿಕೊಂಡು ಸೆಟ್ ಮಾಡುತ್ತಿದ್ದೇವೆ!

ಎರಡನೆಯದು, 10 ಗಂಟೆಗೆ ಪ್ರಾರ್ಥನೆಯ ಉದ್ದ ಗಂಟೆ. ವಾರದಲ್ಲಿ ಒಂದೆರಡು ಸಲ ಸರಿಯಾಗಿ 11ಕ್ಕೂ ಅದೇ ಉದ್ದ ಗಂಟೆ ಹೊಡೆಯುತ್ತದೆ. 11ಕ್ಕೆ ನಮ್ಮಲ್ಲಿ ಯಾವ ಗಂಟೆಯೂ ಇಲ್ಲ. ಮಕ್ಕಳು ಪಾಠ ಬಿಟ್ಟು ಸಾಲು ನಿಲ್ಲಲು ಓಡುತ್ತಾರೆ.

ಮೂರನೆಯದು, ಸೋಮವಾರದಿಂದ ಶನಿವಾರದವರೆಗೆ ವಾರ ಸರಿ ಇದೆ, ಶನಿವಾರದ ಬೆಳಗಿನ ಶಾಲೆಯ ವೇಳಾಪಟ್ಟಿಯೂ ಸರಿಯಾಗಿ ನಡೆಯುತ್ತದೆ. ಆದರೆ ಭಾನುವಾರ ರಜೆ ಅಂತ ಕೋಡಿನಲ್ಲಿ ಬರೆದಿದ್ದರೂ ಗಂಟೆ ಹೊಡೆಯಿತು. ಶಾಲೆ ಪಕ್ಕದ ಮನೆಯವರು ಫೋನ್ ಮಾಡಿ ವಿಚಾರಿಸಿದರು. ಭಾನುವಾರಕ್ಕೆ 0, ಸೋಮವಾರಕ್ಕೆ 1, ಹೀಗೆ ಶನಿವಾರಕ್ಕೆ 6 ಇಟ್ಟಿದ್ದೇನೆ.

ನಾಲ್ಕನೆಯದು, ಬ್ಯಾಟರಿ ತೆಗೆದು ಹೊಸದು ಹಾಕಿದ ಮೇಲೆ 00:00:00ಕ್ಕೆ ನಿಂತುಬಿಟ್ಟಿದೆ. ಸೆಕೆಂಡು ಅಲ್ಲಾಡುತ್ತಲೇ ಇಲ್ಲ. ಚಿಪ್ಪು ಸುಟ್ಟಿದೆಯಾ?

ಓದುವ ಕ್ರಮ ಹೀಗಿದೆ: ಗಂಟೆಯ ರಿಜಿಸ್ಟರ್ ಓದಿ ಎಲ್‌ಸಿಡಿಯಲ್ಲಿ ಬರೆಯುತ್ತೇನೆ, ಆಮೇಲೆ ನಿಮಿಷ ಓದಿ ಬರೆಯುತ್ತೇನೆ, ಆಮೇಲೆ ಸೆಕೆಂಡು. ಲೂಪಿನಲ್ಲಿ ಬೇರೇನೂ ಇಲ್ಲ. ಟೈಮ್ ಸೆಟ್ ಮಾಡುವ ಸಾಲುಗಳನ್ನು ಒಂದು ಸಲ ಅಪ್‌ಲೋಡ್ ಮಾಡಿ, ಆಮೇಲೆ ಕಾಮೆಂಟ್ ಮಾಡಿ ಮತ್ತೆ ಅಪ್‌ಲೋಡ್ ಮಾಡುತ್ತೇನೆ.

ಫೈನಲ್_ಇಯರ್_ಇಸಿ:

ಸರ್, ಸುಮ್ನೆ ಯಾಕೆ ಕಷ್ಟಪಡ್ತೀರಿ? ರೆಡಿ ಲೈಬ್ರರಿ ಹಾಕಿಬಿಡಿ, ಎರಡು ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ಕಾಲೇಜ್ ಪ್ರಾಜೆಕ್ಟಿನಲ್ಲೂ ಅದನ್ನೇ ಹಾಕಿದ್ದು. ನಿಂತಿರುವ ಚಿಪ್ಪು ಮಾತ್ರ ಸತ್ತಿರಬೇಕು, ಹೊಸ ಬೋರ್ಡು ತಗೊಳ್ಳಿ.

ಬೆಸುಗೆ_ಅಂಗಡಿ:

ತಮ್ಮಾ, ಬೋರ್ಡು ಎಸೆಯೋದಕ್ಕೆ ಹೇಳಬೇಡ. ಚಿಪ್ಪು ಚೆನ್ನಾಗಿದೆ. ಲೈಬ್ರರಿ ಕೆಟ್ಟದ್ದು ಅಂತ ನಾನೂ ಹೇಳುವುದಿಲ್ಲ. ಆದರೆ ಮೇಷ್ಟ್ರು ಮಕ್ಕಳಿಗೆ ತೋರಿಸಬೇಕು ಅಂತಿದ್ದಾರೆ, ಅದಕ್ಕೆ ಇದಕ್ಕಿಂತ ಒಳ್ಳೆ ಚಿಪ್ಪು ಸಿಗಲ್ಲ. ರಿಜಿಸ್ಟರ್ ಟೇಬಲ್ ಇಡೀ ಒಂದೇ ಪುಟದಲ್ಲಿದೆ. ಅದನ್ನು ಪ್ರಿಂಟ್ ತೆಗೆದು ಲ್ಯಾಬಿನ ಗೋಡೆಗೆ ಅಂಟಿಸಿ. ದಾವಣಗೆರೆಯಲ್ಲಿ ನನ್ನ ಅಂಗಡಿ ಗೋಡೆಯ ಮೇಲೂ ಇದೆ, ಸೋಲ್ಡರ್ ಹೊಗೆಗೆ ಕಂದು ಬಣ್ಣಕ್ಕೆ ತಿರುಗಿದೆ. ನಾನು ಪಂಪಿನ ಟೈಮರು, ಕಾರ್ಖಾನೆ ಸೈರನ್ನಿನ ಟೈಮರು ಮಾಡಿಕೊಡುವವನು. ಮೇಷ್ಟ್ರ ನಾಲ್ಕೂ ತಕರಾರು ನನ್ನ ಮೇಜಿನ ಮೇಲೆ ಬಂದು ಹೋಗಿವೆ, ಬೇರೆ ಬೇರೆ ಗಿರಾಕಿಗಳ ಹೆಸರಿನಲ್ಲಿ.

ಮೇಷ್ಟ್ರೇ, ಸುಲಭದ್ದು ಮೊದಲು. ಓದುವಾಗ ಬಿಸಿಡಿ ಬಿಡಿಸುತ್ತಿದ್ದೀರಿ, ಬರೆಯುವಾಗ ಮರೆತಿದ್ದೀರಿ. 45 ಅಂತ ನೇರವಾಗಿ ಬರೆದರೆ ಚಿಪ್ಪಿಗೆ ಹೋಗುವುದು ಹೆಕ್ಸ್ (16ರ ಲೆಕ್ಕದ ಸಂಖ್ಯೆ, 10ರಿಂದ 15ಕ್ಕೆ ಎಯಿಂದ ಎಫ್) 2ಡಿ. ವಾಪಸ್ ಓದುವಾಗ ನಿಮ್ಮ ಕೋಡು ಮೇಲಿನ 2 ಅನ್ನು ಇಪ್ಪತ್ತು ಅನ್ನುತ್ತದೆ, ಕೆಳಗಿನ ಡಿ ಅನ್ನು ಹದಿಮೂರು ಅನ್ನುತ್ತದೆ, ಒಟ್ಟು 33. 30ಕ್ಕೆ ಹೆಕ್ಸ್ 1ಇ, ಅಂದರೆ ಹತ್ತು ಮತ್ತು ಹದಿನಾಲ್ಕು, 24. ಒಂದಂಕಿಯ ಸಂಖ್ಯೆಗೆ ಎರಡೂ ಒಂದೇ, ಅದಕ್ಕೇ 9:05 ಸರಿ ಬಂತು. ಬರೆಯುವ ಮುಂಚೆ ಹತ್ತರ ಸ್ಥಾನದ ಅಂಕಿಯನ್ನು 16ರಿಂದ ಗುಣಿಸಿ, ಬಿಡಿ ಸ್ಥಾನ ಕೂಡಿಸಿ. 45ಕ್ಕೆ 4 ಗುಣಿಸು 16, ಕೂಡಿಸು 5, ಅಂದರೆ 69. ಅದೇ ಹೆಕ್ಸ್ 45. ಬಿಸಿಡಿ ಅಲ್ಲದ ಅಂಕಿ ಒಳಗೆ ಹೋದರೆ ಚಿಪ್ಪು ಮುಂದೆ ಏನು ಮಾಡುತ್ತದೆ ಅಂತ ತಯಾರಕರೂ ಭರವಸೆ ಕೊಟ್ಟಿಲ್ಲ. ಹಾಗಾಗಿ 33 ಆದಮೇಲೆ 34 ಬಂತು, ಓಡುತ್ತಿದೆ ಅಂತ ಸಮಾಧಾನ ಪಡಬೇಡಿ.

ಭಾನುವಾರದ್ದು ಇನ್ನೂ ಸುಲಭ. ಈ ಚಿಪ್ಪು ತಾರೀಖು ನೋಡಿ ವಾರ ಲೆಕ್ಕ ಹಾಕುವುದಿಲ್ಲ. ವಾರ ಅನ್ನುವುದು ಅದಕ್ಕೆ 1ರಿಂದ 7ರವರೆಗಿನ ಒಂದು ಎಣಿಕೆ ಅಷ್ಟೇ. ಮಧ್ಯರಾತ್ರಿಗೆ ಒಂದು ಕೂಡಿಸುತ್ತದೆ, 7 ಆದಮೇಲೆ 1. ಯಾವ ವಾರಕ್ಕೆ ಯಾವ ಸಂಖ್ಯೆ ಅನ್ನುವುದು ನಿಮಗೆ ಬಿಟ್ಟದ್ದು. ನೀವು ವಾರದ ಮಧ್ಯದಲ್ಲಿ ಸೆಟ್ ಮಾಡಿದ್ದೀರಿ, ಶನಿವಾರದ 6 ಆದಮೇಲೆ ಅದು 7ಕ್ಕೆ ಹೋಯಿತು. ನಿಮ್ಮ ಕೋಡು 0 ಬರುತ್ತದೆ ಅಂತ ಕಾಯುತ್ತಾ ಕೂತಿತು. ಅದು ಬರುವುದೇ ಇಲ್ಲ. ಸೋಮವಾರ 1, ಭಾನುವಾರ 7 ಮಾಡಿಕೊಳ್ಳಿ, ಪಕ್ಕದ ಮನೆಯವರು ನಿದ್ದೆ ಮಾಡಲಿ.

ಈಗ 11 ಗಂಟೆಯ ಪ್ರಾರ್ಥನೆ. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿ, ಯಾಕೆಂದರೆ ಇಲ್ಲಿ ಚಿಪ್ಪೂ ಸರಿ, ಬಿಸಿಡಿಯೂ ಸರಿ, ಆದರೂ ಉತ್ತರ ಒಂದು ಗಂಟೆ ತಪ್ಪು. ಸಮಯ 10:59:59 ಇದೆ ಅಂದುಕೊಳ್ಳಿ. ನೀವು ಗಂಟೆ ಓದಿದಿರಿ, 10 ಬಂತು. ಎಲ್‌ಸಿಡಿಗೆ ಬರೆಯುತ್ತಾ ಕೂತಿರಿ. ಅಷ್ಟರಲ್ಲಿ ಚಿಪ್ಪಿನೊಳಗೆ 11:00:00 ಆಯಿತು. ಈಗ ನಿಮಿಷ ಓದಿದಿರಿ, 00 ಬಂತು. ನಿಮ್ಮ ಕೈಯಲ್ಲಿರುವುದು 10:00. ಕೋಡಿಗೆ ಪ್ರಾರ್ಥನೆಯ ಹೊತ್ತು!

ಇದು ಎಷ್ಟು ಸಲ ಆಗಬಹುದು? ನಿಮ್ಮ ಲೂಪಿನಲ್ಲಿ ಮೂರು ಓದು, ಮೂರು ಬರೆಹ ಬಿಟ್ಟರೆ ಬೇರೇನೂ ಇಲ್ಲ ಅಂದಿರಿ. ಗಂಟೆ ಓದಿದ್ದಕ್ಕೂ ನಿಮಿಷ ಓದಿದ್ದಕ್ಕೂ ನಡುವಿನ ಸಂದಿ ಇಡೀ ಸುತ್ತಿನ ಹೆಚ್ಚುಕಡಿಮೆ ಮೂರನೇ ಒಂದು ಪಾಲು. 11 ಆಗುವ ಕ್ಷಣ ಆ ಸಂದಿಯಲ್ಲಿ ಬೀಳುವ ಸಾಧ್ಯತೆಯೂ ಅಷ್ಟೇ. ವಾರಕ್ಕೆ ಒಂದೆರಡು ಸಲ ಅಂದಿರಲ್ಲ, ಲೆಕ್ಕ ಕೂಡಿತು. ಅಸಲಿಗೆ ಈ ತಪ್ಪು ಪ್ರತಿ ಗಂಟೆಗೂ ಆಗುತ್ತಿರುತ್ತದೆ. 12 ಆಗುವಾಗ ಒಂದು ಕ್ಷಣ 11:00 ಅಂತ ಬರುತ್ತದೆ, ಆದರೆ 11:00ಕ್ಕೆ ಗಂಟೆ ಇಟ್ಟಿಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಓದುವ ಕ್ರಮ ತಿರುಗಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹೋಗಲ್ಲ. ಸೆಕೆಂಡು ಮೊದಲು ಓದಿದರೆ 59 ಬರುತ್ತದೆ, ಆಮೇಲೆ 00, ಆಮೇಲೆ 11. ಅಂದರೆ 11:00:59. ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಹಾರಿತು.

ಚಿಪ್ಪು ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದಾರೆ. ಯೂನೊ ಮತ್ತು ಚಿಪ್ಪು ಮಾತಾಡುವ ಐ2ಸಿ ತಂತಿಯ ಮೇಲೆ ನೀವು ಸ್ಟಾರ್ಟ್ (ಮಾತು ಶುರು ಅನ್ನುವ ಸಂಕೇತ) ಕೊಟ್ಟ ಕೂಡಲೇ ಒಳಗೆ ಓಡುತ್ತಿರುವ ಸಮಯದ ಒಂದು ಫೋಟೋ ಬೇರೆ ಬಫರಿಗೆ ಹೋಗುತ್ತದೆ. ನೀವು ಓದುವುದು ಆ ಫೋಟೋವನ್ನು. ಓಡುವ ಗಡಿಯಾರ ಆ ಕಡೆ ಓಡುತ್ತಲೇ ಇರುತ್ತದೆ. ಆದರೆ ಪ್ರತಿ ರಿಜಿಸ್ಟರಿಗೂ ಹೊಸ ಸ್ಟಾರ್ಟ್ ಕೊಟ್ಟರೆ ಪ್ರತಿ ಸಲವೂ ಹೊಸ ಫೋಟೋ. ಹಾಗಾಗಿ ಏಳನ್ನೂ ಒಂದೇ ಉಸಿರಿಗೆ ಓದಿ. ಚಿಪ್ಪಿನ ವಿಳಾಸ ಹೆಕ್ಸ್ 68ಕ್ಕೆ 00 ಬರೆದು ಪಾಯಿಂಟರನ್ನು (ಯಾವ ರಿಜಿಸ್ಟರಿನಿಂದ ಶುರು ಅನ್ನುವ ಗುರುತು) ಸೆಕೆಂಡಿನ ಮೇಲೆ ಕೂರಿಸಿ, ಆಮೇಲೆ ಒಂದೇ ಸಲಕ್ಕೆ 7 ಬೈಟ್ ಕೇಳಿ. ಸೆಕೆಂಡು, ನಿಮಿಷ, ಗಂಟೆ, ವಾರ, ತಾರೀಖು, ತಿಂಗಳು, ವರ್ಷ ಅದೇ ಕ್ರಮದಲ್ಲಿ ಬರುತ್ತವೆ. ಏಳೂ ಕೈಗೆ ಬಂದ ಮೇಲೆ ಎಲ್‌ಸಿಡಿ, ಹೋಲಿಕೆ, ರಿಲೇ ಎಲ್ಲ. ಪ್ರತಿ ಸಲವೂ ಪಾಯಿಂಟರನ್ನು 00ಕ್ಕೆ ತನ್ನಿ. ಇಲ್ಲದಿದ್ದರೆ ಮುಂದಿನ ಓದು 07ರಿಂದ ಶುರುವಾಗಿ ರ್‍ಯಾಮಿನ ಕಸವೆಲ್ಲ ಗಡಿಯಾರದಂತೆ ಕಾಣುತ್ತದೆ.

ಬರೆಯುವುದೂ ಒಂದೇ ಉಸಿರು. ಉದಾಹರಣೆಗೆ 2025ರ ಜೂನ್ 4, ಬುಧವಾರ, 9:45:00. ಪಾಯಿಂಟರಿಗೆ 00 ಕಳಿಸಿದ ಮೇಲೆ ಹೋಗಬೇಕಾದ ಹೆಕ್ಸ್ ಬೈಟುಗಳು: 00, 45, 09, 03, 04, 06, 25. ನೋಡಿ, ಹೆಕ್ಸಿನಲ್ಲಿ ಬರೆದರೆ ಕಣ್ಣಿಗೆ ಕಾಣುವುದೇ ಸಮಯ. ಬಿಸಿಡಿಯ ಸುಖ ಇದೊಂದೇ. ಸೆಕೆಂಡು ಬರೆದ ಕ್ಷಣವೇ 32,768 ಹರ್ಟ್ಸನ್ನು ಒಂದು ಸೆಕೆಂಡಿಗೆ ಇಳಿಸುವ ಡಿವೈಡರು ಸೊನ್ನೆಯಿಂದ ಶುರುವಾಗುತ್ತದೆ. ಉಳಿದ ಆರನ್ನು ಮುಂದಿನ ಒಂದು ಸೆಕೆಂಡಿನ ಒಳಗೆ ಬರೆದು ಮುಗಿಸಬೇಕು. ಒಂದೇ ಸಲಕ್ಕೆ ಕಳಿಸಿದರೆ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ತಲೆಬಿಸಿ ಇಲ್ಲ.

ಈಗ ನಿಂತ ಗಡಿಯಾರ. ಸೆಕೆಂಡಿನ ರಿಜಿಸ್ಟರಿನ 7ನೇ ಬಿಟ್ ಸಮಯ ಅಲ್ಲ, ಅದು ಕ್ಲಾಕ್ ಹಾಲ್ಟ್. 1 ಇದ್ದರೆ ಗಡಿಯಾರಕ್ಕೆ ಮಿಡಿತ ಕೊಡುವ ಆಸಿಲೇಟರ್ ಬಂದ್. ಬ್ಯಾಟರಿಯೂ ಇಲ್ಲ, ಕರೆಂಟೂ ಇಲ್ಲ ಅನ್ನುವ ಸ್ಥಿತಿಯಿಂದ ಎದ್ದಾಗ ಈ ಬಿಟ್ 1 ಆಗಿ, ಸಮಯ ಸಾಮಾನ್ಯವಾಗಿ 00:00:00 ಆಗಿರುತ್ತದೆ. ನೀವು ಓದುವಾಗ 7ಎಫ್ ಜೊತೆ ಆಂಡ್ ಮಾಡಿ ಆ ಬಿಟ್ಟನ್ನು ಒರೆಸಿ ಹಾಕುತ್ತಿದ್ದೀರಿ ಅಲ್ವಾ? ಒರೆಸುವುದು ಸರಿ, ಆದರೆ ಒರೆಸುವ ಮೊದಲು ನೋಡಿ. ಚಿಪ್ಪು ನಿಮಗೆ ಹೆಕ್ಸ್ 80 ಕಳಿಸುತ್ತಿದೆ, ನೀವು 00 ಅಂತ ಓದಿಕೊಳ್ಳುತ್ತಿದ್ದೀರಿ. ಮತ್ತೆ ಒಂದು ಸಲ ಟೈಮ್ ಸೆಟ್ ಮಾಡಿ. ಸೆಕೆಂಡಿಗೆ 00 ಹೋದ ಕೂಡಲೇ ಆ ಬಿಟ್ಟೂ 0 ಆಗಿ ಓಡುತ್ತದೆ.

ಕಾಮೆಂಟ್ ಮಾಡಿ ಮತ್ತೆ ಅಪ್‌ಲೋಡ್ ಮಾಡುವ ಪದ್ಧತಿಯನ್ನು ಬಿಟ್ಟುಬಿಡಿ. ಒಂದು ದಿನ ಯಾರೋ ಕಾಮೆಂಟ್ ಮಾಡಲು ಮರೆಯುತ್ತಾರೆ, ಆಮೇಲೆ ಕರೆಂಟ್ ಹೋಗಿ ಬಂದಾಗಲೆಲ್ಲ ಅದೇ 9:45. ಎರಡು ಬಟನ್ ಹಾಕಿ, ಒಂದು ಗಂಟೆಗೆ, ಒಂದು ನಿಮಿಷಕ್ಕೆ. ಆನ್ ಆದಾಗ ಕೋಡು ಮಾಡಬೇಕಾದ ಮೊದಲ ಕೆಲಸ, ಚಿಪ್ಪಿನಲ್ಲಿರುವ ಸಮಯ ನಂಬಬಹುದಾ ಅಂತ ಕೇಳುವುದು. ನಂಬುವಂತಿಲ್ಲದಿದ್ದರೆ "ಟೈಮ್ ಸೆಟ್ ಮಾಡಿ" ಅಂತ ತೋರಿಸಿ ಸುಮ್ಮನೆ ಕೂರಬೇಕು. ಗಂಟೆ ಮುಟ್ಟಬಾರದು. ಹೊಡೆಯದ ಗಂಟೆಯನ್ನು ಯಾರಾದರೂ ಕೈಯಲ್ಲಿ ಹೊಡೆಯುತ್ತಾರೆ. ತಪ್ಪು ಹೊತ್ತಿಗೆ ಹೊಡೆಯುವ ಗಂಟೆಯನ್ನು ಯಾರೂ ತಡೆಯಲ್ಲ.

ನಾನು 7ನೇ ಬಿಟ್ ಒಂದನ್ನೇ ನಂಬುವುದಿಲ್ಲ. 08ರಿಂದ 3ಎಫ್‌ವರೆಗೆ 56 ಬೈಟ್ ರ್‍ಯಾಮ್ ಇದೆ, ಅದೂ ಅದೇ ಬ್ಯಾಟರಿಯ ಮೇಲೆ ಬದುಕುತ್ತದೆ. ಟೈಮ್ ಸೆಟ್ ಮಾಡಿದಾಗ 08 ಮತ್ತು 09ರಲ್ಲಿ ನನ್ನದೊಂದು ಗುರುತು ಬರೆಯುತ್ತೇನೆ, ಹೆಕ್ಸ್ 37 ಮತ್ತು 91. ಆನ್ ಆದಾಗ ಆ ಗುರುತು ಹಾಗೇ ಇದ್ದರೆ ಬ್ಯಾಟರಿ ಕೈಕೊಟ್ಟಿಲ್ಲ. ಅಳಿಸಿಹೋಗಿದ್ದರೆ ಸಮಯವೂ ಅಳಿಸಿದೆ ಅಂತಲೇ ಲೆಕ್ಕ.

ಇನ್ನೊಂದು ಸಣ್ಣ ಮಾತು. ಎಲ್‌ಸಿಡಿಯಲ್ಲಿ 12 ಗಂಟೆ ಲೆಕ್ಕ ಬೇಕು ಅಂತ ಮುಂದೆ ಮಕ್ಕಳು ಕೇಳುತ್ತಾರೆ. ಚಿಪ್ಪನ್ನು 24ರಲ್ಲೇ ಬಿಡಿ, ತೋರಿಸುವಾಗ ಮಾತ್ರ ಬದಲಾಯಿಸಿ. ಗಂಟೆಯ ರಿಜಿಸ್ಟರಿನ 6ನೇ ಬಿಟ್ 1 ಆದರೆ 12 ಗಂಟೆಯ ಲೆಕ್ಕ, ಆಗ 5ನೇ ಬಿಟ್ ಮಧ್ಯಾಹ್ನದ ಗುರುತು. ಮಧ್ಯಾಹ್ನ 3 ಅನ್ನುವುದು ಹೆಕ್ಸ್ 63 ಆಗುತ್ತದೆ, ನಿಮ್ಮ 3ಎಫ್ ಮಾಸ್ಕ್ (ಬೇಡದ ಬಿಟ್ ಒರೆಸುವ ಆ ಆಂಡ್) ಅದನ್ನು 23 ಗಂಟೆ ಮಾಡಿಬಿಡುತ್ತದೆ.

ಗಂಟೆ_ಮೇಷ್ಟ್ರು:

ಅಣ್ಣಾ, ಬಹಳ ಉಪಕಾರವಾಯಿತು. ಏಳೂ ಬೈಟ್ ಒಟ್ಟಿಗೆ ಓದುವಂತೆ ಮಾಡಿದೆವು, 11ರ ಪ್ರಾರ್ಥನೆ ನಿಂತಿತು. 10:59:59ರ ಕಥೆಯನ್ನು ಒಂಬತ್ತನೇ ತರಗತಿಯವರಿಗೆ ನಾಟಕ ಮಾಡಿಸಿದೆ. ಒಬ್ಬ ಗಂಟೆ, ಒಬ್ಬಳು ನಿಮಿಷ, ಒಬ್ಬ ಸೆಕೆಂಡು, ಇನ್ನೊಬ್ಬಳು ಓದುವವಳು. ಓದುವವಳು ಬೋರ್ಡಿನ ಕಡೆ ತಿರುಗಿ ಬರೆಯುವಷ್ಟರಲ್ಲಿ ಮೂವರೂ ಚೀಟಿ ಬದಲಾಯಿಸಿಬಿಟ್ಟರು. ಒಬ್ಬ ಹುಡುಗ "ಸಾರ್, ಮೂವರನ್ನೂ ಒಟ್ಟಿಗೆ ನೋಡಿದರೆ ಆಯ್ತಲ್ವಾ" ಅಂದ.

ನಿಂತ ಗಡಿಯಾರವೂ ಓಡಿತು. ಬಟನ್ ಹಾಕಿದೆವು, ರ್‍ಯಾಮಿನ ಗುರುತೂ ಹಾಕಿದೆವು.

ಒಂದು ಹೊಸ ವಿಚಿತ್ರ. ಗಂಟೆ ಹೊಡೆದು ನಿಲ್ಲುವ ಹೊತ್ತಿಗೆ ಎಲ್‌ಸಿಡಿಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು 45:165:85 ಅಂತ ಬಂದು ಹೋಗುತ್ತದೆ. ಪ್ರತಿ ಸಲ ಅಲ್ಲ. ಬಂದಾಗಲೆಲ್ಲ ಇದೇ ಸಂಖ್ಯೆ. ಒಂದು ಮಗು ವಿಡಿಯೋ ಮಾಡಿ ನಿಲ್ಲಿಸಿ ತೋರಿಸಿದ್ದಕ್ಕೆ ಗೊತ್ತಾಯಿತು. 165 ನಿಮಿಷ ಎಲ್ಲಿಂದ ಬಂತು?

ಬೆಸುಗೆ_ಅಂಗಡಿ:

ಆ ಮಗುವಿಗೆ ಒಂದು ಚಾಕಲೇಟ್ ಕೊಡಿ. 45:165:85 ಅಂದರೆ ಚಿಪ್ಪು ಮಾತಾಡಲೇ ಇಲ್ಲ ಅಂತ ಅರ್ಥ. ಉತ್ತರ ಬರದಿದ್ದಾಗ ನಿಮ್ಮ ಕೋಡಿಗೆ ಸಿಗುವುದು ಎಲ್ಲ ಬಿಟ್ಟೂ 1, ಅಂದರೆ ಎಫ್‌ಎಫ್. ನಿಮಿಷಕ್ಕೆ ಮಾಸ್ಕ್ ಹಾಕಿಲ್ಲ, ಹದಿನೈದು ಹತ್ತಲೆ ನೂರೈವತ್ತು, ಕೂಡಿಸು ಹದಿನೈದು, 165. ಸೆಕೆಂಡಿಗೆ 7ಎಫ್ ಮಾಸ್ಕ್, ಎಪ್ಪತ್ತು ಮತ್ತು ಹದಿನೈದು, 85. ಗಂಟೆಗೆ 3ಎಫ್, ಮೂವತ್ತು ಮತ್ತು ಹದಿನೈದು, 45. ತಂತಿ ಸಡಿಲವಾದರೂ ಇದೇ ಸಂಖ್ಯೆ, ವಿಳಾಸ ತಪ್ಪಿದರೂ ಇದೇ ಸಂಖ್ಯೆ. ನನಗೆ ಫೋನಿನಲ್ಲಿ ಯಾರಾದರೂ "165" ಅಂದರೆ ಸಾಕು, ಕೋಡು ಕೇಳುವುದಿಲ್ಲ, ತಂತಿ ನೋಡಿ ಅನ್ನುತ್ತೇನೆ.

ನಿಮ್ಮದರಲ್ಲಿ ಗಂಟೆ ನಿಲ್ಲುವಾಗ ಮಾತ್ರ ಅಂದರೆ ತಂತಿ ಅಲ್ಲ, ಪವರ್. ಡಿಎಸ್1307ಗೆ ಒಂದು ಗುಣ ಇದೆ. ಸಪ್ಲೈ ವೋಲ್ಟೇಜು ಬ್ಯಾಟರಿಯ ಒಂದೂಕಾಲು ಪಟ್ಟಿಗಿಂತ ಕೆಳಗಿಳಿದರೆ ಅದು ಹೊರಗಿನವರ ಜೊತೆ ಮಾತು ನಿಲ್ಲಿಸುತ್ತದೆ. ಸಮಯ ಕೆಡಬಾರದು ಅಂತ ಮಾಡಿದ ಏರ್ಪಾಡು. 3 ವೋಲ್ಟಿನ ಬ್ಯಾಟರಿಗೆ ಅದು 3.75. ಹೊಸ ಸಿಆರ್2032 ಸೆಲ್ 3.2 ತೋರಿಸುತ್ತದೆ ಅಂದರೆ 4 ವೋಲ್ಟ್. ಮೊಬೈಲ್ ಚಾರ್ಜರು, ಉದ್ದದ ತೆಳ್ಳನೆ ಕೇಬಲ್ಲು, ಅದರ ಮೇಲೆ ಯೂನೊ, ಎಲ್‌ಸಿಡಿ ಬೆಳಕು, 70 ಮಿಲಿಆಂಪ್ ಎಳೆಯುವ ರಿಲೇ ಕಾಯಿಲ್. ಜೊತೆಗೆ 230 ವೋಲ್ಟಿನ ಗಂಟೆಯ ಕಾಯಿಲ್ಲನ್ನು ರಿಲೇ ಬಿಡುವಾಗ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರುತ್ತದೆ. ಆ ಕಿಡಿಯ ಗದ್ದಲ ಐ2ಸಿ ತಂತಿಗೂ ಹತ್ತುತ್ತದೆ, 5 ವೋಲ್ಟಿಗೂ ಹತ್ತುತ್ತದೆ.

ಬೋರ್ಡಿನಲ್ಲಿ ಇರುವುದು ಸಿಆರ್2032 ಅಲ್ಲ, ಚಾರ್ಜ್ ಆಗುವ ಎಲ್‌ಐಆರ್2032 ಆಗಿದ್ದರೆ ಇನ್ನೂ ಮಜಾ. ಅದು ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಒಂದೂಕಾಲು ಪಟ್ಟು ಅಂದರೆ 5.25. ನಿಮ್ಮ 5 ವೋಲ್ಟೇ ಅದಕ್ಕೆ ಸಾಲುವುದಿಲ್ಲ! ಅದೂ ಅಲ್ಲದೆ ಈ ಚಿಪ್ಪಿನ ಬ್ಯಾಟರಿ ಕಾಲಿಗೆ 3.5ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಕೆಲವು ಬೋರ್ಡಿನಲ್ಲಿ ನಡುವೆ ರೆಸಿಸ್ಟರ್ ಹಾಕಿ ಇಳಿಸಿರುತ್ತಾರೆ, ಕೆಲವದರಲ್ಲಿ ಇಲ್ಲ. ಮೀಟರ್ ಹಿಡಿದು ಚಿಪ್ಪಿನ 3ನೇ ಕಾಲಿನಲ್ಲೇ ಅಳೆಯಿರಿ, ಸೆಲ್ಲಿನ ಮೇಲಲ್ಲ.

ಮಾಡಬೇಕಾದ್ದು ಇಷ್ಟು. ರಿಲೇಗೆ ಬೇರೆ 5 ವೋಲ್ಟ್ ಕೊಡಿ, ಕಾಯಿಲ್ಲಿಗೆ ಉಲ್ಟಾ ಡಯೋಡ್ ಇದೆಯಾ ನೋಡಿ. ಗಂಟೆಯ ಕಡೆ ರಿಲೇ ಕಾಂಟ್ಯಾಕ್ಟಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ. ಕೆಪ್ಯಾಸಿಟರು 275 ವೋಲ್ಟ್ ಎಸಿ ಅಂತ ಬರೆದಿರುವ ಎಕ್ಸ್2 ಜಾತಿಯದೇ ಆಗಿರಲಿ. ಈ ಭಾಗ 230 ವೋಲ್ಟಿನದು, ಮಕ್ಕಳ ಕೈಗೆ ಕೊಡಬೇಡಿ, ವೈರ್‌ಮನ್ ಕರೆಸಿ. ಚಿಪ್ಪಿನ ಪವರ್ ಕಾಲಿನ ಹತ್ತಿರ 0.1 ಮೈಕ್ರೋಫ್ಯಾರಡ್ ಒಂದು, 100 ಮೈಕ್ರೋಫ್ಯಾರಡ್ ಒಂದು. ಐ2ಸಿ ತಂತಿ ಗೇಣಿಗಿಂತ ಉದ್ದ ಬೇಡ.

ಕೋಡಿನಲ್ಲೂ ಒಂದು ಕಾವಲು ಹಾಕಿ. 7 ಬೈಟ್ ಕೇಳಿದಾಗ ನಿಜವಾಗಿ 7 ಬಂತಾ ಅಂತ ಆ ಫಂಕ್ಷನ್ನೇ ಹೇಳುತ್ತದೆ. ಬರದಿದ್ದರೆ ಆ ಸುತ್ತು ಬಿಟ್ಟುಬಿಡಿ. ಬಂದರೂ ನಿಮಿಷ 59 ಮೀರಿದ್ದರೆ, ಗಂಟೆ 23 ಮೀರಿದ್ದರೆ ಹಳೆಯ ಸಮಯವನ್ನೇ ಇಟ್ಟುಕೊಂಡು ಮತ್ತೆ ಓದಿ.

ಫರ್ಮ್‌ವೇರ್_ಅಕ್ಕ:

ಅಂಗಡಿಯವರು ಹೇಳಿದ್ದೆಲ್ಲ ಸರಿ. ಆದರೂ ಒಂದು ಮಾತು: ಮೇಷ್ಟ್ರೇ, ಸಾಧ್ಯವಾದರೆ ಡಿಎಸ್3231 ಅನ್ನುವ ಇನ್ನೊಂದು ಗಡಿಯಾರದ ಚಿಪ್ಪಿಗೆ ಬನ್ನಿ. ಡಿಎಸ್1307 ಮಿಡಿತಕ್ಕೆ ಹೊರಗಿನ ಹರಳನ್ನು (ಕ್ರಿಸ್ಟಲ್) ನಂಬಿಕೊಂಡಿದೆ. 20 ಪಿಪಿಎಂ (ಹತ್ತು ಲಕ್ಷಕ್ಕೆ 20) ತಪ್ಪುವ ಹರಳು ಅಂದರೆ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಹತ್ತಿರಹತ್ತಿರ ಒಂದು ನಿಮಿಷ. ಮೇಲಿಂದ ಈ ಹರಳುಗಳು 25 ಡಿಗ್ರಿಯ ಆಸುಪಾಸಿಗೆ ಹೊಂದಿಸಿದವು, ಬಿಸಿಲಿಗೂ ನಿಧಾನ, ಚಳಿಗೂ ನಿಧಾನ. ತಗಡಿನ ಶೀಟಿನ ಕೆಳಗೆ 40 ಡಿಗ್ರಿಯಲ್ಲಿ ದಿನಕ್ಕೆ ಇನ್ನೂ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಂದೆ ಬೀಳುತ್ತದೆ. ಡಿಎಸ್3231ರಲ್ಲಿ ಹರಳು ಒಳಗೇ ಇದೆ. 64 ಸೆಕೆಂಡಿಗೊಮ್ಮೆ ಉಷ್ಣತೆ ಅಳೆದು ತಾನೇ ತಿದ್ದಿಕೊಳ್ಳುತ್ತದೆ. 0ಯಿಂದ 40 ಡಿಗ್ರಿಯವರೆಗೆ 2 ಪಿಪಿಎಂ, ಅಂದರೆ ವರ್ಷಕ್ಕೆ ಒಂದು ನಿಮಿಷ.

ನನಗೆ ಅದಕ್ಕಿಂತ ಮುಖ್ಯ ಇನ್ನೊಂದು. ಡಿಎಸ್1307ರ 7ನೇ ಬಿಟ್ ಆಸಿಲೇಟರನ್ನು ನಿಲ್ಲಿಸುವ ಸ್ವಿಚ್ಚು ಮಾತ್ರ. ನಡುವೆ ಹರಳು ತಾನಾಗಿ ನಿಂತು ಮತ್ತೆ ಓಡಿದರೆ ಅದು ಹೇಳುವುದಿಲ್ಲ, ರ್‍ಯಾಮಿನ ಗುರುತೂ ಹೇಳುವುದಿಲ್ಲ. ಡಿಎಸ್3231ರಲ್ಲಿ 0ಎಫ್ ರಿಜಿಸ್ಟರಿನ 7ನೇ ಬಿಟ್ ಇದೆ. ಆಸಿಲೇಟರ್ ಯಾವ ಕಾರಣಕ್ಕೆ ನಿಂತರೂ ಚಿಪ್ಪೇ ಅದನ್ನು 1 ಮಾಡುತ್ತದೆ, ನೀವು 0 ಬರೆಯುವ ತನಕ 1 ಆಗಿಯೇ ಇರುತ್ತದೆ. ಟೈಮ್ ಸೆಟ್ ಮಾಡಿದ ಮೇಲೆ ಮಾತ್ರ ಅದನ್ನು ಅಳಿಸಿ. ಎಷ್ಟೋ ಕೋಡುಗಳಲ್ಲಿ ಆನ್ ಆದ ಕೂಡಲೇ ಅಳಿಸುತ್ತಾರೆ, ಇದ್ದೊಂದು ಸಾಕ್ಷಿಯೂ ಹೋಯಿತು.

ಮೊದಲ ಏಳು ರಿಜಿಸ್ಟರ್ ಎರಡರಲ್ಲೂ ಒಂದೇ ಜಾಗ, ವಿಳಾಸವೂ ಅದೇ 68. ಹಾಗಾಗಿ ಓದುವ ಕೋಡು ಹಾಗೇ ನಡೆಯುತ್ತದೆ. ತಿಂಗಳ ರಿಜಿಸ್ಟರಿನ 7ನೇ ಬಿಟ್ ಶತಮಾನದ್ದು, ಅಲ್ಲಿ 1ಎಫ್ ಮಾಸ್ಕ್ ಹಾಕಿ. ಆದರೆ ರ್‍ಯಾಮ್ ಇಲ್ಲ! 08, 09 ಅಲ್ಲಿ ಅಲಾರಂ ರಿಜಿಸ್ಟರುಗಳು, ಗುರುತು ಬರೆಯಲು ಹೋಗಬೇಡಿ. ಏನಾದರೂ ಉಳಿಸಬೇಕಿದ್ದರೆ ಬೋರ್ಡಿನ ಮೇಲೆ 4 ಕಿಲೋಬೈಟಿನ ಎಟಿ24ಸಿ32 ಈಪ್ರಾಮ್ (ಕರೆಂಟ್ ಹೋದರೂ ಮರೆಯದ ಮೆಮೊರಿ) ಇರುತ್ತದೆ.

ಆ ಅಗ್ಗದ ಡಿಎಸ್3231 ಬೋರ್ಡಿನಲ್ಲಿ 200 ಓಮ್ ರೆಸಿಸ್ಟರು ಮತ್ತು ಡಯೋಡಿನ ಮೂಲಕ ಸೆಲ್ಲಿಗೆ ಚಾರ್ಜ್ ಹೋಗುತ್ತದೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ, 5 ವೋಲ್ಟಿನಲ್ಲಿ ಓಡಿಸಿದರೆ ಊದಿಕೊಳ್ಳಬಹುದು. ಸೆಲ್ ಹಾಕುವ ಮೊದಲು ಆ ರೆಸಿಸ್ಟರನ್ನು ಕಿತ್ತುಬಿಡಿ.

ಬೆಸುಗೆ_ಅಂಗಡಿ:

ಮೇಡಂ, ಹರಳು ನಿಂತು ಮತ್ತೆ ಓಡುವ ವಿಷಯ ಒಪ್ಪಿದೆ. ಪಂಪಿನ ಟೈಮರಿಗೆ ನಾನೂ ಈಗ 3231ನ್ನೇ ಹಾಕುವುದು. ಶಾಲೆಗೆ ತಿಂಗಳಿಗೊಂದು ನಿಮಿಷ ಹೆಚ್ಚುಕಡಿಮೆ ಆದರೆ ಏನೂ ಮುಳುಗುವುದಿಲ್ಲ, ತಿಂಗಳ ಮೊದಲ ಸೋಮವಾರ ಟೈಮ್ ಸರಿಮಾಡುವ ಕೆಲಸ ಒಬ್ಬ ಹುಡುಗನಿಗೆ ಕೊಟ್ಟರೆ ಅವನಿಗೂ ಒಂದು ಜವಾಬ್ದಾರಿ. ಮುಂದಿನ ನಿಮಿಷಕ್ಕೆ ಸೆಟ್ ಮಾಡಿ ಇಟ್ಟುಕೊಂಡು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ನೆಟ್ಟಿನಲ್ಲಿ ತೋರಿಸುವ ಸಮಯ ನೋಡುತ್ತಾ ಸರಿಯಾಗಿ 00ಕ್ಕೆ ಬಟನ್ ಒತ್ತಲಿ. ಡಿವೈಡರು ಆ ಕ್ಷಣಕ್ಕೇ ಸೊನ್ನೆ ಆಗುವುದರಿಂದ ಬೆರಳಿನ ತಡ ಬಿಟ್ಟರೆ ಬೇರೆ ತಪ್ಪಿಲ್ಲ.

ಫೈನಲ್_ಇಯರ್_ಇಸಿ:

ಅಕ್ಕಾ, ನಮ್ಮ ಪ್ರಾಜೆಕ್ಟಿನ ಕೋಡಿನಲ್ಲಿ ನೀವು ಹೇಳಿದ 0ಎಫ್ ರಿಜಿಸ್ಟರಿನ ಆ ಬಿಟ್ಟನ್ನು ಆನ್ ಆದ ಕೂಡಲೇ ಓಡುವ ಸೆಟಪ್‌ನಲ್ಲೇ ಅಳಿಸಿದ್ದಾರೆ. ಈಗ ತೆಗೆದು ನೋಡಿದೆ.

ಗಂಟೆ_ಮೇಷ್ಟ್ರು:

ರಿಲೇಗೆ ಬೇರೆ ಚಾರ್ಜರ್ ಕೊಟ್ಟ ಮೇಲೆ 165 ಕಾಣಿಸಿಲ್ಲ. ಗಂಟೆಯ ಕಡೆಯ ಆ 100 ಓಮ್-ಕೆಪ್ಯಾಸಿಟರ್ ಜೋಡಿ (ಸ್ನಬ್ಬರ್) ಹಾಕಲು ವೈರ್‌ಮನ್ ಶನಿವಾರ ಬರುತ್ತಾರೆ. ಡಿಎಸ್3231 ಬೋರ್ಡೂ ತರಿಸಿದ್ದೇನೆ, ಎರಡನ್ನೂ ಅಕ್ಕಪಕ್ಕ ಓಡಿಸಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಮಕ್ಕಳು ಗ್ರಾಫ್ ಹಾಕುತ್ತಾರಂತೆ. ಎರಡಕ್ಕೂ ವಿಳಾಸ 68 ಆದರೆ ಒಂದೇ ಯೂನೊದಲ್ಲಿ ಹೇಗೆ? ಮತ್ತೆ, ಸೆಕೆಂಡಿಗೊಮ್ಮೆ ಎಲ್‌ಇಡಿ ಮಿನುಗಲಿ ಅಂತ 07 ರಿಜಿಸ್ಟರಿಗೆ ಹೆಕ್ಸ್ 10 ಬರೆಯುತ್ತಿದ್ದೇನೆ. ಹೊಸ ಬೋರ್ಡಿಗೂ ಅದೇ ಸಾಲು ನಡೆಯುತ್ತದಾ?

ಬೆಸುಗೆ_ಅಂಗಡಿ:

ಒಂದೇ ಯೂನೊದಲ್ಲಿ ಬೇಡ. ವಿಳಾಸ ಬದಲಿಸುವ ಕಾಲು ಎರಡರಲ್ಲೂ ಇಲ್ಲ, ಇಬ್ಬರೂ ಒಟ್ಟಿಗೆ ಉತ್ತರ ಕೊಡುತ್ತಾರೆ. ಎರಡು ಯೂನೊ ಇಡಿ.

07ರ ಸಾಲು 3231ರಲ್ಲಿ ನಡೆಯುವುದಿಲ್ಲ. ಅಲ್ಲಿ 07 ಅಂದರೆ ಅಲಾರಂ 1ರ ಸೆಕೆಂಡು, ನೀವು ಬರೆದದ್ದು ಸುಮ್ನೆ 10ನೇ ಸೆಕೆಂಡಿನ ಅಲಾರಂ ಆಗಿ ಕೂರುತ್ತದೆ, ಎಲ್‌ಇಡಿ ಮಿನುಗುವುದಿಲ್ಲ. ಕಂಟ್ರೋಲ್ ಇರುವುದು 0ಇ ರಿಜಿಸ್ಟರಿನಲ್ಲಿ, ಅದಕ್ಕೆ 00 ಬರೆಯಿರಿ, ಸೆಕೆಂಡಿಗೊಂದು ಪಲ್ಸ್ ಬರುತ್ತದೆ. ಎರಡೂ ಚಿಪ್ಪಿನ ಪಲ್ಸ್ ಬರುವ ಕಾಲು ಓಪನ್ ಡ್ರೈನ್, ಅಂದರೆ ಗ್ರೌಂಡಿಗೆ ಎಳೆಯಬಲ್ಲದು, ತಾನಾಗಿ ವೋಲ್ಟ್ ಕೊಡಲಾರದು. ಎಲ್‌ಇಡಿಯನ್ನು 5 ವೋಲ್ಟಿನಿಂದ 1 ಕಿಲೋಓಮ್ ಮೂಲಕ ಆ ಕಾಲಿಗೆ ಎಳೆಯಿರಿ, ಕಾಲಿನಿಂದ ಗ್ರೌಂಡಿಗಲ್ಲ.